ಗಾಜಿನ ಪಟ್ಟಿಯಲ್ಲಿ ಕ್ಯಾನ್ಸರನ್ನು ಕಂಡ ಡಾ. ಪಪನಿಕೊಲಾವ್

ಹೊಟ್ಟೆಪಾಡಿಗಾಗಿ ಊರು ಬಿಟ್ಟವನಿಗೆ ಕಲಿತ ವಿದ್ಯೆಗೆ ತಕ್ಕ ಕೆಲಸವೇ ದೊರೆಯುವುದೆಂಬ ನಿಯಮವಿಲ್ಲ. ಇದನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಕೈಗೆ ಬಂದ ಕೆಲಸವನ್ನು ಮಾಡುತ್ತಲೇ ವಿದ್ಯೆಯನ್ನು ಕೈಬಿಡದೆ, ಲಕ್ಷಾಂತರ ಸ್ತ್ರೀಯರ ಪ್ರಾಣವುಳಿಸಿದ ವಲಸೆಗಾರರೊಬ್ಬರ ಜೀವನವನ್ನು ಇಲ್ಲಿ ಅರುಹಬಯಸುತ್ತೇವೆ.

ಜಾರ್ಜ್ ಪಪನಿಕೊಲಾವ್ 1883ರ ಮೇ 13ರಂದು ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ವೈದ್ಯರ ಮಗನಾಗಿ ಜನಿಸಿದರು. 1904ರಲ್ಲಿ ಅಥೆನ್ಸಿನಲ್ಲಿ ವೈದ್ಯ ಪದವಿಯನ್ನೂ, 1910ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಡಾಕ್ಟರೇಟನ್ನೂ ಪಡೆದರು. 1913ರಲ್ಲಿ ಪತ್ನಿಯೊಡನೆ ನ್ಯೂಯಾರ್ಕಿನಲ್ಲಿ ಇಳಿದಾಗ ಕೈಯಲ್ಲಿದ್ದುದು ಸುಮಾರು 250 ಡಾಲರ್. ಇಬ್ಬರಿಗೂ ಇಂಗ್ಲಿಷ್ ಬಾರದು. ಆ ವಿದ್ವಾಂಸರು ಅಂಗಡಿಯಲ್ಲಿ ರತ್ನಗಂಬಳಿ ಮಾರಿದರು, ಹೋಟೆಲುಗಳಲ್ಲಿ ಪಿಟೀಲು ನುಡಿಸಿದರು, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತರಾದರು. ಪತ್ನಿ ಬಟ್ಟೆಗಳಿಗೆ ಗುಂಡಿ ಹೊಲಿದರು.

ಬಳಿಕ ಕಾರ್ನೆಲ್ ವೈದ್ಯ ವಿದ್ಯಾಲಯದಲ್ಲಿ ಅವರಿಗೆ ಸ್ಥಾನ ದೊರೆಯಿತು. ಅಲ್ಲಿ ಅವರು ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳ ಅಂಡಾಶಯದಿಂದ ಅಂಡವು ಹೊರಬೀಳುವ ಸಮಯವನ್ನು ಅರಿಯಬೇಕಾಗಿದ್ದಿತು. ಪ್ರಾಣಿಯನ್ನು ಕೊಲ್ಲದೆ, ಯೋನಿಯ ದ್ರವವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಡಾಶಯದ ಸ್ಥಿತಿಗೆ ತಕ್ಕಂತೆ ಜೀವಕೋಶಗಳ ರೂಪವೂ ಬದಲಾಗುತ್ತಿದ್ದಿತು. 1917ರಲ್ಲಿ ಇದನ್ನು ಪ್ರಕಟಿಸಿ, ಅದೇ ಪರೀಕ್ಷೆಯನ್ನು ಸ್ತ್ರೀಯರಲ್ಲಿಯೂ ನಡೆಸಿದರು. ಪತ್ನಿಯೇ ವರ್ಷಗಟ್ಟಲೆ ಪರೀಕ್ಷೆಗೆ ಒಳಗಾದರು. ಸಂಬಳವಿಲ್ಲದೆ ಪ್ರಯೋಗಶಾಲೆಯಲ್ಲಿಯೂ ದುಡಿದರು.

ಹೀಗೆ ನೋಡುತ್ತಿರುವಾಗ, ರೋಗಿಯೊಬ್ಬಳ ಗಾಜಿನ ಪಟ್ಟಿಯಲ್ಲಿ ಕ್ಯಾನ್ಸರಿನ ಜೀವಕೋಶಗಳು ಕಂಡವು. 1928ರಲ್ಲಿ ಇದನ್ನು ಸಭೆಯೊಂದರಲ್ಲಿ ಸಾರಿದಾಗ ವೈದ್ಯರು ಅಷ್ಟಾಗಿ ಕಿವಿಗೊಡಲಿಲ್ಲ. ಅವರು ಎದೆಗುಂದಲಿಲ್ಲ. ಡಾ. ಟ್ರಾಟ್ ಅವರೊಡನೆ 1941ರಲ್ಲಿ ಲೇಖನವನ್ನೂ, 1943ರಲ್ಲಿ ಗ್ರಂಥವನ್ನೂ ಪ್ರಕಟಿಸಿದ ಬಳಿಕ ಲೋಕವು ಒಪ್ಪಿತು. ಸಹಜ ಜೀವಕೋಶದಿಂದ ಖಚಿತವಾದ ಕ್ಯಾನ್ಸರಿನವರೆಗೆ ಅವರು 5 ವರ್ಗಗಳನ್ನು ಮಾಡಿದ್ದರು. ಇಂದು ಆ ವರ್ಗೀಕರಣಕ್ಕೆ ಬದಲಾಗಿ ಬೇರೆ ಪದ್ಧತಿಯಿದೆ. ಪರೀಕ್ಷೆಗೆ ಮಾತ್ರ ಅವರ ಹೆಸರಿನಿಂದಲೇ ಪ್ಯಾಪ್ ಪರೀಕ್ಷೆಯೆಂಬ ಹೆಸರು ನಿಂತಿದೆ. 1962ರ ಫೆಬ್ರವರಿ 19ರಂದು ಅವರು ನಿಧನರಾದರು.

ಈ ಪರೀಕ್ಷೆಯು ಎಲ್ಲ ಗಡ್ಡೆಗಳನ್ನೂ ತೋರಿಸದು. ಅಂಡಾಶಯದ ಗಡ್ಡೆಯನ್ನು ನಿರ್ಣಯಿಸಲು ಆ ಗಡ್ಡೆಯ ಅಂಶವನ್ನೇ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆದರೆ ಗರ್ಭಕೋಶದ ಕೊರಳಿನ ಕ್ಯಾನ್ಸರು ಬೇರೂರಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ನೋವಾಗಲಿ ರಕ್ತಸ್ರಾವವಾಗಲಿ ಕಾಣುವ ಮುನ್ನವೇ ಈ ಪರೀಕ್ಷೆ ಎಚ್ಚರಿಸಬಲ್ಲುದು. ಆಗ ಚಿಕಿತ್ಸೆ ಸುಲಭ. ಈಗ ಅದರ ಜೊತೆಗೆ ವೈರಸ್ ಪರೀಕ್ಷೆಯೂ, ರೋಗ ತಡೆಯುವ ಲಸಿಕೆಯೂ ಬಂದಿವೆ.

ಆದರೂ ನಮ್ಮ ದೇಶದಲ್ಲಿ ಈ ರೋಗದಿಂದ ಮಡಿಯುವ ಸ್ತ್ರೀಯರು ಅಸಂಖ್ಯ. ನಾಚಿಕೆಯೂ ಅಲಕ್ಷ್ಯವೂ ಇದಕ್ಕೆ ಕಾರಣಗಳೆಂದು ನಾವು ಬಲ್ಲೆವು. ವಾಚಕರೇ, ತಾವು ದೂರದಲ್ಲಿರುವಿರಿ. ಪತ್ನಿಯೋ, ತಾಯಿಯೋ, ಅಕ್ಕನೋ ಊರಿನಲ್ಲಿರುವರು. ಈ ತಿಂಗಳು ಸಂಬಳದ ಹಣ ಕಳುಹಿಸುವಾಗ, ಒಮ್ಮೆ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿರೆಂಬ ಮಾತನ್ನೂ ಕಳುಹಿಸಿರಿ.