ಅಪಾಯಕ್ಕೊಂದು ಹೆಸರು: ಹೆನ್ರಿ ಪಿಡಿಂಗ್ಟನ್

ಇಂಗ್ಲಿಷಿನಲ್ಲಿ ಅಪಾಯಕಾರಿ ಗಾಳಿಗೆ ಹೆಸರುಗಳು ಬಹಳ: ಗೇಲ್, ಸ್ಟಾರ್ಮ್, ಹರಿಕೇನ್, ಟೈಫೂನ್, ಸೈಕ್ಲೋನ್. ಏಳನೆಯ ತರಗತಿಯಲ್ಲಿ ಗಾಳಿ ಮತ್ತು ಚಂಡಮಾರುತಗಳ ಪಾಠ ಮಾಡುವಾಗ ಮಕ್ಕಳು ಇವನ್ನೆಲ್ಲ ದೊಡ್ಡ ಗಾಳಿ ಎಂದು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಬೋಧನಾಭ್ಯಾಸದ ಪಾಠಯೋಜನೆಗಾಗಿ ಈ ಪದಗಳ ಹಿನ್ನೆಲೆ ಹುಡುಕಿದಾಗ, ಸೈಕ್ಲೋನ್ ಎಂಬ ಪದ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲೇ ಎಂದು ತಿಳಿಯಿತು. ಆ ಪದವನ್ನು ಕಟ್ಟಿದವರ ಜೀವನ ಪಾಠಕ್ಕೆ ಪೂರಕವಾಗಿ ಹೇಳುವಂಥದ್ದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೆನ್ರಿ ಪಿಡಿಂಗ್ಟನ್ 1797ರಲ್ಲಿ ಹುಟ್ಟಿದರು. ಇಂಗ್ಲೆಂಡಿನ ಸಸೆಕ್ಸ್ ಪ್ರದೇಶದ ಕುಟುಂಬ ಅವರದು. ವ್ಯಾಪಾರಿ ಹಡಗುಗಳಲ್ಲಿ ಕೆಲಸ ಕಲಿತು, ಭಾರತ ಮತ್ತು ಚೀನಾ ಸಮುದ್ರಗಳಲ್ಲಿ ಓಡಾಡುವ ಹಡಗಿಗೆ ಕ್ಯಾಪ್ಟನ್ ಆದರು. ಮುಂದೆ ಕಡಲು ಬಿಟ್ಟು ಕಲ್ಕತ್ತೆಯಲ್ಲಿ ನೆಲೆಸಿದರು. ಅಲ್ಲಿ ಆರ್ಥಿಕ ಭೂವಿಜ್ಞಾನದ ವಸ್ತುಸಂಗ್ರಹಾಲಯದ ಕ್ಯುರೇಟರ್ ಆಗಿದ್ದರು. ಹಡಗು ಅಪಘಾತಗಳನ್ನು ವಿಚಾರಿಸುವ ನ್ಯಾಯಮಂಡಲಿಯ ಅಧ್ಯಕ್ಷರೂ ಆಗಿದ್ದರು. ಮುಳುಗಿದ ಹಡಗುಗಳ ಕಥೆ ಅವರ ಕಿವಿಗೆ ಬೀಳುತ್ತಲೇ ಇತ್ತು.

1838ರಲ್ಲಿ ವಿಲಿಯಂ ರೀಡ್ ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್ ಬಿರುಗಾಳಿಗಳ ನಿಯಮದ ಬಗ್ಗೆ ಪುಸ್ತಕ ಪ್ರಕಟಿಸಿದರು. ಅದಕ್ಕೂ ಮೊದಲೇ ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ ಅಲ್ಲಿನ ಬಿರುಗಾಳಿಗಳು ಸುತ್ತುತ್ತ ಮುಂದೆ ಸಾಗುತ್ತವೆ ಎಂದು ತೋರಿಸಿದ್ದರು. ಇದು ಬಂಗಾಳ ಕೊಲ್ಲಿಗೂ ಅನ್ವಯಿಸುತ್ತದೆಯೇ? ಪಿಡಿಂಗ್ಟನ್ ಹಡಗುಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಯಾವ ದಿನ, ಯಾವ ಗಂಟೆಗೆ, ಎಲ್ಲಿ, ಯಾವ ದಿಕ್ಕಿನ ಗಾಳಿ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದರು. 1839ರಿಂದ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಬಗ್ಗೆ ಸುಮಾರು 40 ಲೇಖನಗಳನ್ನು ಬರೆದರು. ಅವರಲ್ಲಿ ಹೊಸ ಉಪಕರಣ ಯಾವುದೂ ಇರಲಿಲ್ಲ. ಇತರರು ಬರೆದಿಟ್ಟದ್ದನ್ನು ಒಟ್ಟಿಗೆ ಇಟ್ಟು ನೋಡುವ ತಾಳ್ಮೆ ಇತ್ತು.

ಅವರು ಪರಿಶೀಲಿಸಿದ ಹಡಗುಗಳಲ್ಲಿ ಒಂದು ಚಾರ್ಲ್ಸ್ ಹೆಡ್ಲ್. 1845ರ ಫೆಬ್ರವರಿಯಲ್ಲಿ ಮಾರಿಷಸ್ ಬಿಟ್ಟ ಅದು ಬಿರುಗಾಳಿಗೆ ಸಿಕ್ಕಿ, ಗಾಳಿ ತಳ್ಳಿದತ್ತ ಓಡಿತು. ದಿನಗಟ್ಟಲೆ ಓಡಿದರೂ ಹೊರಟ ಜಾಗದಿಂದ ಬಹಳ ದೂರ ಹೋಗಿರಲಿಲ್ಲ. ದಿನಚರಿಯನ್ನು ನಕ್ಷೆಗಿಳಿಸಿದಾಗ ಕಾರಣ ಕಂಡಿತು: ಹಡಗು ಬಿರುಗಾಳಿಯ ನಡುಭಾಗವನ್ನು ಗಾಣದೆತ್ತಿನಂತೆ ಐದು ಬಾರಿ ಸುತ್ತಿತ್ತು. ಗಾಳಿ ಜೋರಾಗಿದೆ ಎಂಬುದು ಹಡಗಿನವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಸುತ್ತುತ್ತಿದೆ ಎಂಬುದು ಗೊತ್ತಿದ್ದರೆ ಪಾರಾಗುವ ದಾರಿ ಯೋಚಿಸಬಹುದಿತ್ತು.

ಹಾಗಾಗಿ 1848ರಲ್ಲಿ ನಾವಿಕರಿಗಾಗಿ ಪ್ರಕಟಿಸಿದ ಕೈಪಿಡಿಯಲ್ಲಿ ಅವರು ಸೈಕ್ಲೋನ್ ಎಂಬ ಹೊಸ ಪದವನ್ನು ಮುಂದಿಟ್ಟರು. ಹಾವಿನ ಸುರುಳಿಯನ್ನೂ ಸೂಚಿಸುವ ಗ್ರೀಕ್ ಪದ ಅದರ ಮೂಲ. ಗೇಲ್, ಹರಿಕೇನ್ ಮುಂತಾದ ಪದಗಳನ್ನು ಜನ ಮನಬಂದಂತೆ ಬಳಸುತ್ತಿದ್ದರು. ಅವು ಗಾಳಿಯ ಜೋರನ್ನು ಹೇಳುತ್ತಿದ್ದವು, ಚಲನೆಯನ್ನಲ್ಲ. ಪಕ್ಕಾ ವೃತ್ತ ಎಂದರೆ ತಪ್ಪಾದೀತು ಎಂಬ ಎಚ್ಚರವೂ ಅವರಿಗಿತ್ತು. ಅದಕ್ಕೇ ಸುರುಳಿ.

ಆ ಕೈಪಿಡಿಯ ಹೆಸರು ಶಿಕ್ಷಕರಾಗುವ ನಮಗೆ ವಿಶೇಷ. ಅದನ್ನು ಅವರು ಹಾರ್ನ್‌ಬುಕ್ ಎಂದು ಕರೆದರು. ಹಿಂದೆ ಇಂಗ್ಲೆಂಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದ, ಕೊಂಬಿನ ತೆಳು ಹಾಳೆ ಹೊದಿಸಿದ ಹಲಗೆಗೆ ಆ ಹೆಸರಿತ್ತು. ಪಿಡಿಂಗ್ಟನ್ ಪುಸ್ತಕದ ಜತೆಯಲ್ಲೂ ಕೊಂಬಿನ ಪಾರದರ್ಶಕ ಹಾಳೆಗಳಿದ್ದವು. ಅವುಗಳ ಮೇಲೆ ವೃತ್ತಗಳು, ಗಾಳಿಯ ಬಾಣಗಳು. ಉತ್ತರಾರ್ಧಗೋಳಕ್ಕೆ ಒಂದು, ದಕ್ಷಿಣಾರ್ಧಗೋಳಕ್ಕೆ ಇನ್ನೊಂದು. ನಾವಿಕ ಅದನ್ನು ನಕ್ಷೆಯ ಮೇಲಿಟ್ಟು, ತನಗೆ ಬೀಸುತ್ತಿರುವ ಗಾಳಿಗೆ ಹೊಂದುವ ಬಾಣವನ್ನು ಹಡಗಿನ ಜಾಗಕ್ಕೆ ತಂದರೆ ಬಿರುಗಾಳಿಯ ಕೇಂದ್ರ ಯಾವ ಕಡೆಗಿದೆ ಎಂದು ತಿಳಿಯುತ್ತಿತ್ತು. ಗಣಿತ ಬಾರದವನಿಗೂ ಎಟಕುವ ಬೋಧನೋಪಕರಣ ಅದು.

ಅವರ ಇನ್ನೊಂದು ಎಚ್ಚರಿಕೆ ಮಾತ್ರ ಯಾರನ್ನೂ ತಟ್ಟಲಿಲ್ಲ. ಹೂಗ್ಲಿ ನದಿಯಲ್ಲಿ ಹೂಳು ತುಂಬುವ ಭಯದಿಂದ ಸರ್ಕಾರ ಸುಂದರಬನದ ಬಳಿ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಲು ಯೋಚಿಸುತ್ತಿತ್ತು. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದರು. ಸೈಕ್ಲೋನ್ ಬಂದರೆ ಗಾಳಿಯಷ್ಟೇ ಅಲ್ಲ, 5ರಿಂದ 15 ಅಡಿ ಎತ್ತರದ ಉಪ್ಪುನೀರು ನುಗ್ಗಿ ಊರನ್ನು ಮುಳುಗಿಸೀತು ಎಂದು ತಿಳಿಸಿದರು. 1789ರಲ್ಲಿ ಗೋದಾವರಿ ಮುಖದ ಕೋರಿಂಗದ ಮೇಲೆ ಮೂರು ಮಹಾ ಅಲೆಗಳು ನುಗ್ಗಿದ ಸಂಗತಿ ಅವರಿಗೆ ಗೊತ್ತಿತ್ತು.

1858ರ ಏಪ್ರಿಲ್‌ನಲ್ಲಿ ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಪೋರ್ಟ್ ಕ್ಯಾನಿಂಗ್ ಎಂಬ ಹೆಸರಿನಲ್ಲಿ ಬಂದರು ಎದ್ದಿತು, ರೈಲೂ ಬಂತು. 1867ರ ನವೆಂಬರ್‌ನಲ್ಲಿ ಬಂದ ಸೈಕ್ಲೋನ್ ಅದನ್ನು ಹಾಳುಮಾಡಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಲಾಯಿತು. ನಡುವೆ, 1864ರ ಅಕ್ಟೋಬರ್‌ನಲ್ಲಿ, ಕಲ್ಕತ್ತೆಗೇ ಭೀಕರ ಸೈಕ್ಲೋನ್ ಅಪ್ಪಳಿಸಿತು. ಸಹಸ್ರಾರು ಜನ ಸತ್ತರು. ಮರುವರ್ಷ ಕಲ್ಕತ್ತೆ ಬಂದರಿಗೆ ಬಿರುಗಾಳಿ ಮುನ್ಸೂಚನೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಈ ಜೀವನವನ್ನು ತರಗತಿಗೆ ಎರಡು ರೀತಿಯಲ್ಲಿ ತರಬಹುದು ಎಂದು ನನಗನಿಸುತ್ತದೆ. ಮೊದಲನೆಯದು ಚಟುವಟಿಕೆ. ಪಾರದರ್ಶಕ ಹಾಳೆಯ ಮೇಲೆ ಮಕ್ಕಳಿಂದ ವೃತ್ತ ಬರೆಸಿ, ಗಡಿಯಾರದ ಮುಳ್ಳಿಗೆ ಎದುರಾಗಿ ಬಾಣಗಳನ್ನು ಹಾಕಿಸಿ, ಬಂಗಾಳ ಕೊಲ್ಲಿಯ ನಕ್ಷೆಯ ಮೇಲೆ ಇಡಿಸುವುದು. ವಿಶಾಖಪಟ್ಟಣದ ಬಳಿಯ ಹಡಗಿಗೆ ಈಶಾನ್ಯದಿಂದ ಗಾಳಿ ಬೀಸುತ್ತಿದೆ, ಕೇಂದ್ರ ಎಲ್ಲಿ? ಹಾಳೆ ಸರಿಸಿದರೆ ಉತ್ತರ ಆಗ್ನೇಯ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಎರಡನೆಯದು ಪದಗಳ ಚರ್ಚೆ. ನಮ್ಮ ಚಂಡಮಾರುತ ಗಾಳಿಯ ರಭಸವನ್ನು ಹೇಳುತ್ತದೆ, ಸುಂಟರಗಾಳಿ ಸುತ್ತನ್ನು ಹೇಳುತ್ತದೆ. ಮಳೆಗಾಲದಲ್ಲಿ ನಾವು ಯೆಲ್ಲೋ, ಆರೆಂಜ್, ರೆಡ್ ಮೂರಕ್ಕೂ ಅಲರ್ಟ್ ಎಂದುಬಿಡುತ್ತೇವೆ. ಹವಾಮಾನ ಇಲಾಖೆಯ ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ: ಹಳದಿಗೆ ವಾಚ್, ಅಂದರೆ ಸುದ್ದಿ ಗಮನಿಸುತ್ತಿರಿ, ಕಿತ್ತಳೆಗೆ ಅಲರ್ಟ್, ಸಿದ್ಧರಾಗಿರಿ, ಕೆಂಪಿಗೆ ವಾರ್ನಿಂಗ್, ಈಗಲೇ ಕ್ರಮ ಕೈಗೊಳ್ಳಿ. ರೆಡ್ ಎಂದರೆ ಶಾಲೆಗೆ ರಜೆ ಎಂದಷ್ಟೇ ತಿಳಿದ ಮಗುವಿಗೆ ಇದನ್ನು ಹೇಳಲೇಬೇಕು. ಕಿರುಪರೀಕ್ಷೆಯಲ್ಲಿ ಪ್ರತಿ ಪದದ ಮುಂದೆ ಅರ್ಥ ಬರೆಸುವ ಬದಲು, ಅದನ್ನು ಕೇಳಿದ ಕೂಡಲೇ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಬರೆಸೋಣ.