ಸೀಸ ಅಳೆಯಲು ಹೋಗಿ ಪೆಟ್ರೋಲನ್ನು ಎದುರು ಹಾಕಿಕೊಂಡ ಪ್ಯಾಟರ್‌ಸನ್

ನೀರಿನಲ್ಲಿ ಸೀಸ ಇದೆ ಎಂಬ ಫಾರ್ವರ್ಡ್ ಬಂದಾಗ ನಾವು ಮೊದಲು ಕೇಳುವುದು: ಪರೀಕ್ಷೆಗೆ ಬಳಸಿದ ಬಾಟಲಿ ಶುದ್ಧವಾಗಿತ್ತೇ? ಈ ಪ್ರಶ್ನೆಗೆ ತೂಕ ತಂದವರು ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್‌ಸನ್ (1922–1995).

ಭೂಮಿಯ ವಯಸ್ಸು ತಿಳಿಯಲು ಅವರು ಕಲ್ಲಿನಲ್ಲಿರುವ ಅತಿ ಸೂಕ್ಷ್ಮ ಪ್ರಮಾಣದ ಸೀಸವನ್ನು ಅಳೆಯಬೇಕಿತ್ತು. ಲೆಕ್ಕ ಕೂಡಲೇ ಇಲ್ಲ. ಪ್ರತಿ ಸಲವೂ ಇರಬೇಕಾದದ್ದಕ್ಕಿಂತ ಹೆಚ್ಚು ಸೀಸ! ಅದು ಕಲ್ಲಿನದಲ್ಲ, ಗಾಳಿ, ಆಸಿಡ್, ಪಾತ್ರೆ, ಬಟ್ಟೆ, ಕೂದಲಿನಿಂದ ಬಂದದ್ದು. ವರ್ಷಗಟ್ಟಲೆ ತೊಳೆದು ಒರೆಸಿ, ಕಡೆಗೆ ಕ್ಯಾಲ್‌ಟೆಕ್‌ನಲ್ಲಿ ಸೋಸಿದ ಗಾಳಿಯ ಪ್ರಯೋಗಾಲಯವನ್ನೇ ಕಟ್ಟಿಕೊಂಡರು. (ಯಂತ್ರಗಳು ತಾವೇ ಅಳೆಯುವ ಈ ಕಾಲದಲ್ಲೂ ಖಾಲಿ ಮಾದರಿಯನ್ನು ಪರೀಕ್ಷಿಸದೆ ಫಲಿತಾಂಶ ನಂಬುವುದಿಲ್ಲ.) 1956ರಲ್ಲಿ ಉಲ್ಕಾಶಿಲೆಗಳ ಸೀಸದಿಂದ ಅವರು ಕೊಟ್ಟ ಭೂಮಿಯ ವಯಸ್ಸು 455 ಕೋಟಿ ವರ್ಷ. ಅದು ಇಂದಿಗೂ ಹೆಚ್ಚು ಬದಲಾಗಿಲ್ಲ.

ಸರಿ, ಊರೆಲ್ಲ ಹರಡಿದ ಆ ಸೀಸ ಬಂದದ್ದೆಲ್ಲಿಂದ? ಸಮುದ್ರದ ಮೇಲ್ಪದರದಲ್ಲಿ ಆಳದ ನೀರಿಗಿಂತ ಹೆಚ್ಚು ಸೀಸ ಸಿಕ್ಕಿತು. ಪೆಟ್ರೋಲಿಗೆ ಬೆರೆಸುವ ಸೀಸದ ಮೇಲೆ ಅನುಮಾನ ಹೋಯಿತು. 1965ರಲ್ಲಿ ಅದನ್ನು ಬಹಿರಂಗವಾಗಿ ಬರೆದರು. ಆಮೇಲೆ ಗ್ರೀನ್‌ಲ್ಯಾಂಡಿನ ಹಿಮವೂ ಅದೇ ಸಾಕ್ಷಿ ಹೇಳಿತು. ಆದರೂ 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮಾಡಿದ ಸಮಿತಿಯಲ್ಲಿ ಇವರಿಗೇ ಜಾಗವಿರಲಿಲ್ಲ!

ಮಕ್ಕಳ ಮಿದುಳಿಗೆ ಹಾನಿ ಮಾಡುವ ಸೀಸ ಅಮೆರಿಕದ ಪೆಟ್ರೋಲಿನಲ್ಲಿ 1970ರ ದಶಕದಿಂದ ಕಡಿಮೆಯಾಗುತ್ತ ಬಂತು. ನಮ್ಮ ದೇಶದ ಬಂಕುಗಳಿಂದ ಅದು ಹೋದದ್ದು 2000ದಲ್ಲಿ, ಪ್ಯಾಟರ್‌ಸನ್ ತೀರಿಕೊಂಡ ಐದು ವರ್ಷಕ್ಕೆ.