ಖಾಲಿ ಉಳಿಯುತ್ತಿದ್ದ ಕಾಲಂ

ಹಳೆಯ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ‘ಬೇಸ್‌ಬಾರ್ನ್’ ಎಂಬ ಪದ ಸಿಕ್ಕಿತು. ನಿಘಂಟು ತೆಗೆದೆ. ಕೀಳು ಕುಲದಲ್ಲಿ ಹುಟ್ಟಿದವನು, ಮದುವೆಯಾಗದವರಿಗೆ ಹುಟ್ಟಿದವನು ಎಂದಿತ್ತು. ಈಗ ಬಳಕೆಯಲ್ಲಿ ಇಲ್ಲದ ಪದವಂತೆ. ನನಗೇನೋ ಅದು ಹಳೆಯದೆನಿಸಲಿಲ್ಲ. ನನ್ನನ್ನು ಸಾಕಿದ್ದು ಅಮ್ಮ ಒಬ್ಬಳೇ. ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಕಾಲಂ ಬಂದಾಗಲೆಲ್ಲ ಪೆನ್ನು ನಿಂತುಬಿಡುತ್ತದೆ. ಖಾಲಿ ಬಿಟ್ಟುಕೊಟ್ಟರೆ ಕೌಂಟರಿನ ಆಚೆಯವರು ಕತ್ತೆತ್ತಿ ನೋಡುತ್ತಾರೆ. ಆ ನೋಟದ ಅರ್ಥ ತಿಳಿಯಲು ನಿಘಂಟು ಬೇಕಿಲ್ಲ.

ಅಂಥ ದಿನಗಳಲ್ಲೇ ಕಾಲೇಜು ಗ್ರಂಥಾಲಯದಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಜೀವನಚರಿತ್ರೆ ಓದಿದೆ. ಮೊನಾಲಿಸಾ ಚಿತ್ರ ಬರೆದವನು ಎಂದಷ್ಟೇ ಗೊತ್ತಿತ್ತು. ಅವನೂ ಆ ಪದಕ್ಕೆ ಸೇರಿದವನೆಂದು ಗೊತ್ತಿರಲಿಲ್ಲ.

ಅವನು ಹುಟ್ಟಿದ್ದು 1452ರ ಏಪ್ರಿಲ್ 15ರಂದು, ಇಟಲಿಯ ವಿಂಚಿ ಎಂಬ ಊರಿನ ಬಳಿ. ನಮ್ಮಲ್ಲಿ ಇನಿಷಿಯಲ್‌ನಲ್ಲಿ ಊರು ಇರುವಂತೆ, ‘ಡಾ ವಿಂಚಿ’ ಎಂದರೂ ವಿಂಚಿಯವನು ಎಂದಷ್ಟೇ ಅರ್ಥ. ತಂದೆ ಪಿಯೆರೊ ನೋಟರಿ, ತಾಯಿ ಕತೆರೀನಾ. ಅವರಿಬ್ಬರ ಮದುವೆ ಆಗಲಿಲ್ಲ. ತಂದೆ ಬೇರೆಯವಳನ್ನು ಮದುವೆಯಾದ. ಹೀಗೆ ಹುಟ್ಟಿದವನಿಗೆ ನೋಟರಿಗಳ ಸಂಘದಲ್ಲಿ ಜಾಗವಿರಲಿಲ್ಲ. ಆಗ ಓದಿದವರ ಭಾಷೆಯಾಗಿದ್ದ ಲ್ಯಾಟಿನ್ ಕೂಡ ಶಾಲೆಯಲ್ಲಿ ಸಿಗಲಿಲ್ಲ. ದೊಡ್ಡವನಾದ ಮೇಲೆ ಪದಗಳ ಪಟ್ಟಿ ಬರೆದುಕೊಂಡು ತಾನೇ ಕಲಿಯಲು ಹೆಣಗಿದ.

ಫ್ಲಾರೆನ್ಸಿನಲ್ಲಿ ವೆರೊಕಿಯೊ ಎಂಬ ಕಲಾವಿದನ ಬಳಿ ಕೆಲಸ ಕಲಿತ. 1472ರಲ್ಲಿ ಕಲಾವಿದರ ಸಂಘ ಅವನನ್ನು ಸೇರಿಸಿಕೊಂಡಿತು. ಸುಮಾರು ಮೂವತ್ತರ ವಯಸ್ಸಿನಲ್ಲಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಂದ ಕೆಲಸ ಕೇಳಲು ಬರೆಸಿದ ಅರ್ಜಿಯ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಲ್ಲ ಹಗುರ ಸೇತುವೆ, ಫಿರಂಗಿ, ಸುರಂಗ, ಕಟ್ಟಡ, ನೀರು ಹರಿಸುವ ಕೆಲಸ ಎಂದು ತನಗೆ ಬರುವುದನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿದ್ದಾನೆ. ಶಿಲ್ಪ, ಚಿತ್ರಕಲೆಯ ಮಾತು ಬರುವುದು ಕೊನೆಗೆ. ನಂಬಿಕೆ ಬಾರದಿದ್ದರೆ ಪರೀಕ್ಷಿಸಿ ನೋಡಿ ಎಂದೂ ಸೇರಿಸಿದ್ದಾನೆ. ಅಪ್ಪನ ಹೆಸರಿಲ್ಲ, ಮನೆತನದ ಮಾತಿಲ್ಲ.

ಹುಟ್ಟಿನ ಮಾತು ಮಾತ್ರ ಅವನನ್ನು ಬಿಡಲಿಲ್ಲ. 1504ರಲ್ಲಿ ತಂದೆ ತೀರಿಕೊಂಡಾಗ ಆಸ್ತಿಯಲ್ಲಿ ಪಾಲು ಸಿಗಲಿಲ್ಲ. ಚಿಕ್ಕಪ್ಪ ಫ್ರಾಂಚೆಸ್ಕೊ ಅವನಿಗೆಂದು ಬಿಟ್ಟುಹೋದ ಆಸ್ತಿಗೂ ಮಲತಮ್ಮಂದಿರು ತಕರಾರು ತೆಗೆದು ನ್ಯಾಯಾಲಯಕ್ಕೆ ಎಳೆದರು. 1519ರ ಮೇ 2ರಂದು ಫ್ರಾನ್ಸಿನಲ್ಲಿ ಅವನು ಕೊನೆಯುಸಿರೆಳೆದಾಗ, ಉಯಿಲಿನಲ್ಲಿ ಅದೇ ತಮ್ಮಂದಿರಿಗೆ ಹಣ ಬರೆದಿಟ್ಟಿದ್ದ! ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಮೊನ್ನೆ ಮತ್ತೊಂದು ಕೆಲಸಕ್ಕೆ ಅರ್ಜಿ ಹಾಕಿದೆ. ತಂದೆಯ ಹೆಸರಿನ ಕಾಲಂನಲ್ಲಿ ಅಮ್ಮನ ಹೆಸರು ಬರೆದೆ. ನನಗೆ ಬರುವ ಕೆಲಸಗಳ ಕಾಲಂಗೆ ಈ ಬಾರಿ ಜಾಗ ಸಾಲಲಿಲ್ಲ; ಇನ್ನೊಂದು ಹಾಳೆ ಲಗತ್ತಿಸಿದೆ.